ಬಂಗಲೆ ವಠಾರ ಆದದ್ದು ಹೇಗೆ?

ರಾಜನ ಮಗನೇ ಸಾಲ ಮಾಡ್ಕೊಂಡ್ರೆ
ಅವನ ಬಂಗಲೆ ಗತಿ ಏನು?

ಬನ್ನಿ, ಲಂಡನ್ನಿನ ಪಿಕಡಿಲಿಗೆ.
ಈ ಇಟ್ಟಿಗೆ ಬಂಗಲೆ ಹೆಸರು ಆಲ್ಬನಿ.
ಕಟ್ಟಿದ್ದು 1770ರ ದಶಕದಲ್ಲಿ.

ಆಮೇಲೆ ಇಲ್ಲಿಗೆ ಬಂದವನು
ಮೂರನೇ ಜಾರ್ಜ್ ದೊರೆಯ ಮಗ,
ಡ್ಯೂಕ್ ಆಫ್ ಯಾರ್ಕ್.
ಸಾಲ ಕುತ್ತಿಗೆಗೆ ಬಂತು.
ಮನೆ ಕೈಬಿಟ್ಟು ಹೋಯ್ತು.

1802ರಲ್ಲಿ ಬಂಗಲೆ ಹಲವು ಮನೆಗಳಾಗಿ ಭಾಗವಾಯ್ತು.
ಹಿತ್ತಲಲ್ಲಿ ಮನೆಗಳ ಎರಡು ಉದ್ದ ಸಾಲು ಎದ್ದವು.
ನಡುವೆ ನೋಡಿ, ಮಾಡು ಹೊದಿಸಿದ ಓಣಿ.
ಮಳೆ ಬಂದ್ರೂ ನೆನೆಯದೆ ಮನೆ ಸೇರಬಹುದು.

ಥೇಟ್ ನಮ್ಮ ವಠಾರ!
ಹೆಬ್ಬಾಗಿಲು ದಾಟಿದ್ರೆ,
ಒಳಗೆ ಹತ್ತಾರು ಮನೆ.

ಆದ್ರೆ ಆಗ ಇದು
ಮದುವೆಯಾಗದ ಗಂಡಸರ ವಠಾರ.
ಕವಿ ಬೈರನ್ ಇಲ್ಲಿದ್ದ.
ನಮಗೆ ಇಂಗ್ಲಿಷ್ ಕಲಿಸಲು ಹೊರಟ ಮೆಕಾಲೆಯೂ ಇದ್ದ.

ಇವತ್ತಿಗೂ ಇಲ್ಲಿ ಜನ ವಾಸವಾಗಿದ್ದಾರೆ.
ಹಳೇ ಮನೆ ಉಳೀಬೇಕಾ?
ಬೀಗ ಹಾಕಿದ್ರೆ ಸಾಲದು,
ಒಳಗೆ ದೀಪ ಉರೀತಿರಬೇಕು.