ಮಹಡಿ ಮನೆಯ ವೈ-ಫೈ: ತಂತಿಯ ಉಪಕಾರ

ಉದ್ಯೋಗನಿಮಿತ್ತ ರಾಜಧಾನಿಗೆ ಬಂದು ನೆಲೆಸಿದ ಕನ್ನಡಿಗರ ಅನೇಕ ಮನೆಗಳಲ್ಲಿ ಇಂದು ಮೂರು ತಲೆಮಾರುಗಳು ಒಂದೇ ಸೂರಿನ ಕೆಳಗೆ ವಾಸಿಸುತ್ತಿವೆ. ಊರಿನಲ್ಲಿ ಒಂಟಿಯಾಗಿ ಬಿಡಲಾಗದ ವೃದ್ಧ ತಂದೆ-ತಾಯಿಗಳು ಮಕ್ಕಳೊಡನೆ ದೆಹಲಿ, ನೋಯ್ಡಾ, ಗುರುಗ್ರಾಮಗಳಿಗೆ ಬಂದು ಸೇರಿದ್ದಾರೆ. ಇವರಲ್ಲಿ ಹಲವರಿಗೆ ಹಿಂದಿ ಬಾರದು. ಎದೆಯುರಿ, ತಲೆಸುತ್ತು, ಕಾಲಿನ ಜೋಮು ಇವೆಲ್ಲವನ್ನೂ ತಮ್ಮ ಮಾತಿನಲ್ಲಿ ಹೇಳಿಕೊಂಡಾಗಲೇ ಅವರಿಗೆ ಸಮಾಧಾನ. ವೈದ್ಯರಿಗೂ ರೋಗದ ಸುಳಿವು ದೊರೆಯುವುದು ಆಗಲೇ.

2020ರ ಮಾರ್ಚ್ 25ರಂದು ಪ್ರಕಟವಾದ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ, ನೋಂದಾಯಿತ ವೈದ್ಯರು ಭಾರತದ ಯಾವ ಭಾಗದ ರೋಗಿಗೇ ಆಗಲಿ ದೂರದಿಂದ ಸಲಹೆ ನೀಡಬಹುದು. ಅಂದರೆ ಧಾರವಾಡದ ವೈದ್ಯರು ದ್ವಾರಕಾದಲ್ಲಿರುವ ಅಜ್ಜಿಯನ್ನು ವಿಡಿಯೋ ಮೂಲಕ ನೋಡಿ, ಕನ್ನಡದಲ್ಲಿಯೇ ವಿಚಾರಿಸಬಹುದು. ಆದರೆ ಆ ವಿಡಿಯೋ ಅಜ್ಜಿಯ ಮಂಚದವರೆಗೆ ಅಡೆತಡೆಯಿಲ್ಲದೆ ತಲುಪಬೇಕಷ್ಟೆ. ದೊಡ್ಡ ಮನೆಗಳಲ್ಲಿ ತೊಡಕು ಇರುವುದೇ ಇಲ್ಲಿ.

ಗೋಡೆಗಳ ತಡೆ

ದೆಹಲಿಯ ಮನೆಗಳು ಅಗಲಕ್ಕಿಂತ ಎತ್ತರಕ್ಕೆ ಬೆಳೆದಂಥವು. ಕಿರಿದಾದ ನಿವೇಶನದ ಮೇಲೆ ಮೂರು-ನಾಲ್ಕು ಅಂತಸ್ತು. ಹಳೆಯ ಮನೆಯಾದರೆ ಮೇಲೊಂದು ಬರ್ಸಾತಿ. ಇಂಟರ್ನೆಟ್ ಸಂಪರ್ಕವಾದರೋ ಸಾಮಾನ್ಯವಾಗಿ ಮುಂಭಾಗದ ಕೋಣೆಯೊಂದಕ್ಕೆ ಬಂದು ನಿಲ್ಲುತ್ತದೆ. ಅಲ್ಲಿಂದ ಹಿಂಬದಿಯ ಮಲಗುವ ಕೋಣೆಗೆ ಹೋಗಲು ರೇಡಿಯೋ ಅಲೆಗಳು ದಪ್ಪನೆಯ ಇಟ್ಟಿಗೆ ಗೋಡೆಗಳನ್ನೂ, ಮಹಡಿಗೆ ಏರಲು ಕಬ್ಬಿಣದ ಸರಳುಗಳಿರುವ ಕಾಂಕ್ರೀಟ್ ಛಾವಣಿಯನ್ನೂ ದಾಟಬೇಕಾಗುತ್ತದೆ.

ವೈ-ಫೈ ಮುಖ್ಯವಾಗಿ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಪಟ್ಟಿಗಳನ್ನು ಬಳಸುತ್ತದೆ. ಎರಡನೆಯದರ ವಿಶಾಲ ಭಾಗವೊಂದು ನಮ್ಮ ದೇಶದಲ್ಲಿ ಪರವಾನಗಿಯ ಅಗತ್ಯವಿಲ್ಲದೆ ಬಳಕೆಗೆ ಮುಕ್ತವಾದುದು 2018ರ ಅಕ್ಟೋಬರಿನಲ್ಲಿ. ಇದರ ವೇಗ ಹೆಚ್ಚು, ಆದರೆ ಗೋಡೆಯನ್ನು ತೂರಿಹೋಗುವ ಶಕ್ತಿ ಕಡಿಮೆ. ಅಲ್ಲದೆ ಸಂಭಾಷಣೆ ಎರಡು ಕಡೆಯದು. ರೌಟರಿನ ಧ್ವನಿ ಫೋನಿಗೆ ಕೇಳಿಸಿದರೂ, ಫೋನಿನ ಕ್ಷೀಣ ಧ್ವನಿ ರೌಟರಿಗೆ ಕೇಳಿಸದೆ ಹೋಗಬಹುದು. ಪರದೆಯ ಮೇಲೆ ಗೆರೆಗಳು ಕಂಡರೂ ವಿಡಿಯೋ ನಿಂತುಹೋಗಲು ಇದೊಂದು ಕಾರಣ.

ರಿಪೀಟರೋ, ತಂತಿಯೋ?

ಪೇಟೆಯಲ್ಲಿ ಸುಲಭವಾಗಿ ಸಿಗುವ ಪರಿಹಾರ ರಿಪೀಟರ್. ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದರಾಯಿತು. ಆದರೆ ಒಂದೇ ರೇಡಿಯೋ ಕೇಳುವ ಕೆಲಸವನ್ನೂ ಹೇಳುವ ಕೆಲಸವನ್ನೂ ಮಾಡಬೇಕಾದಾಗ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅದಕ್ಕೇ ದುರ್ಬಲವಾಗಿ ದೊರೆತ ಸಂಕೇತವನ್ನು ಅದು ಬಲಪಡಿಸಿ ಕೊಡುವುದೆಂತು? ಬಾವಿಯಲ್ಲಿಲ್ಲದ ನೀರು ಕೊಡಕ್ಕೆ ಬಂದೀತೆ?

ಶಾಶ್ವತ ಪರಿಹಾರವೆಂದರೆ ರೌಟರಿನಿಂದ ಪ್ರತಿ ಅಂತಸ್ತಿಗೂ ಈಥರ್ನೆಟ್ ತಂತಿ ಎಳೆದು, ಅದರ ತುದಿಗೆ ಆಕ್ಸೆಸ್ ಪಾಯಿಂಟ್ ಎಂಬ ಪುಟ್ಟ ಪ್ರಸಾರ ಸಾಧನವನ್ನು ಜೋಡಿಸುವುದು. 1973ರಲ್ಲಿ ಅಮೆರಿಕದ ಝೆರಾಕ್ಸ್ ಸಂಸ್ಥೆಯ ಪ್ರಯೋಗಾಲಯದಲ್ಲಿ ಹುಟ್ಟಿದ ಈಥರ್ನೆಟ್ ಇಂದಿಗೂ ನಂಬಿಕೆಯ ಆಳು. ಕ್ಯಾಟ್-6 ತಂತಿಯ ಮೂಲಕ 100 ಮೀಟರ್ ದೂರದವರೆಗೆ ಸೆಕೆಂಡಿಗೆ ಒಂದು ಗಿಗಾಬಿಟ್ ವೇಗ ಕುಂದದೆ ಸಾಗುತ್ತದೆ. ಗೋಡೆ, ಛಾವಣಿಗಳ ಹಂಗು ಅದಕ್ಕಿಲ್ಲ.

ಅನುಸರಿಸಬೇಕಾದ ಕ್ರಮ

ಮೊದಲು ಫೋನ್ ಹಿಡಿದು ಮನೆಯಿಡೀ ನಡೆದು, ಸಂಪರ್ಕ ಎಲ್ಲೆಲ್ಲಿ ಕಡಿಯುತ್ತದೆಂದು ಗುರುತು ಹಾಕಿಕೊಳ್ಳಬೇಕು. ಹಿರಿಯರ ಕೋಣೆಗೆ ಪಟ್ಟಿಯಲ್ಲಿ ಮೊದಲ ಸ್ಥಾನವಿರಲಿ. ತಂತಿ ಎಳೆಸಲು ಸುಣ್ಣ-ಬಣ್ಣದ ಮುಂಚಿನ ದಿನಗಳೇ ಪ್ರಶಸ್ತ. ವಿದ್ಯುತ್ ತಂತಿಯಿರುವ ಪೈಪಿನಲ್ಲಿ ಇದನ್ನು ಸೇರಿಸಕೂಡದು. ಬೇರೆ ಪೈಪ್ ಬೇಕು. ಕೊಳ್ಳುವಾಗ ಶುದ್ಧ ತಾಮ್ರದ ತಂತಿಯನ್ನೇ ಕೇಳಿ ಪಡೆಯಬೇಕು. ತಾಮ್ರದ ಲೇಪವಿರುವ ಅಲ್ಯೂಮಿನಿಯಂ ತಂತಿ ಅಗ್ಗವಾದರೂ ದುರ್ಬಲ. ಹೊರಗೋಡೆಯ ಮೇಲೆ ಹಾಯಿಸುವುದಾದರೆ ದೆಹಲಿಯ ಬಿಸಿಲನ್ನು ತಾಳುವ, ಹೊರಾಂಗಣಕ್ಕೆಂದೇ ತಯಾರಾದ ತಂತಿಯಾಗಬೇಕು.

ಆಕ್ಸೆಸ್ ಪಾಯಿಂಟನ್ನು ಅಂತಸ್ತಿನ ನಡುಭಾಗದ ಛಾವಣಿಗೆ ಕೂಡಿಸುವುದು ಉತ್ತಮ. ಎಲ್ಲಕ್ಕೂ ಒಂದೇ ಹೆಸರು, ಒಂದೇ ಗುಪ್ತಪದ ಕೊಟ್ಟರೆ, ಮಹಡಿಯಿಂದ ಮಹಡಿಗೆ ಹೋದಾಗ ಫೋನ್ ತಾನಾಗಿ ಹತ್ತಿರದ್ದನ್ನು ಹಿಡಿಯಲು ಅನುಕೂಲ. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಅಕ್ಕಪಕ್ಕದವಕ್ಕೆ 1, 6, 11 ಎಂಬ ಬೇರೆ ಬೇರೆ ಚಾನೆಲ್‌ಗಳನ್ನು ಕೊಡಬೇಕು. ಮೂಲೆಗುಂಪಾದ ಹಳೆಯ ರೌಟರನ್ನೂ ಈ ಕೆಲಸಕ್ಕೆ ಬಳಸಬಹುದು. ಆದರೆ ಅದಕ್ಕೆ ಪ್ರತ್ಯೇಕ ವಿಳಾಸ ಕೊಟ್ಟು, ವಿಳಾಸ ಹಂಚುವ ಡಿ.ಎಚ್.ಸಿ.ಪಿ. ಸೌಲಭ್ಯವನ್ನು ನಿಲ್ಲಿಸಿ, ಲ್ಯಾನ್ ರಂಧ್ರಕ್ಕೆ ತಂತಿ ಸೇರಿಸಬೇಕು. ಒಂದು ಮನೆಗೆ ಇಬ್ಬರು ಯಜಮಾನರಾದರೆ ಗೊಂದಲ ತಪ್ಪದು.

ಪಿ.ಒ.ಇ. ಸೌಲಭ್ಯವುಳ್ಳ ಸ್ವಿಚ್ಚನ್ನೂ ಅದಕ್ಕೆ ಹೊಂದುವ ಆಕ್ಸೆಸ್ ಪಾಯಿಂಟ್‌ಗಳನ್ನೂ ಕೊಂಡರೆ ಅದೇ ತಂತಿಯಲ್ಲಿ ವಿದ್ಯುತ್ತೂ ಹರಿಯುತ್ತದೆ. ಇಂಟರ್ನೆಟ್ ಸಂಪರ್ಕದ ಪೆಟ್ಟಿಗೆ, ರೌಟರ್ ಮತ್ತು ಈ ಸ್ವಿಚ್ಚನ್ನು ಇನ್ವರ್ಟರಿಗೆ ಸೇರಿಸಿದರೆ ಸಾಕು; ಬೇಸಗೆಯ ರಾತ್ರಿ ಕರೆಂಟು ಹೋದರೂ ಮನೆಯ ವೈ-ಫೈ ಆರದು. ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ ತಂತಿಗೆ ಹಾಕಿದ ಹಣ ಬಂಡವಾಳ ವೆಚ್ಚ. ಸಾಧನಗಳು ಹಳತಾಗಿ ಬದಲಾದರೂ ಗೋಡೆಯೊಳಗಿನ ತಂತಿ ಉಳಿದು ಬಹುಕಾಲ ಫಲ ಕೊಡುತ್ತದೆ.

ವಿಕಿರಣದ ಭಯ

ಪ್ರತಿ ಮಹಡಿಗೂ ಪ್ರಸಾರ ಸಾಧನವಿಟ್ಟರೆ ಆರೋಗ್ಯಕ್ಕೆ ಕೇಡಲ್ಲವೇ ಎಂದು ಹಿರಿಯರು ಕೇಳುವುದು ಸಹಜ. ಇಂಥ ನಿಸ್ತಂತು ಜಾಲಗಳ ದುರ್ಬಲ ಅಲೆಗಳಿಂದ ಆರೋಗ್ಯಕ್ಕೆ ಹಾನಿಯಾಗುವುದೆಂಬುದಕ್ಕೆ ಮನವರಿಕೆಯಾಗುವಂಥ ವೈಜ್ಞಾನಿಕ ಪುರಾವೆಯಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ತಿಳಿಸಿತು. ಅದರ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆಯು 2011ರಲ್ಲಿ ರೇಡಿಯೋ ಅಲೆಗಳನ್ನು 'ಕ್ಯಾನ್ಸರ್‌ಕಾರಕವಾಗಿರುವ ಸಾಧ್ಯತೆಯಿರುವ' 2ಬಿ ವರ್ಗಕ್ಕೆ ಸೇರಿಸಿತಾದರೂ, ಅದಕ್ಕೆ ಮುಖ್ಯ ಆಧಾರ ಮೊಬೈಲ್ ಫೋನಿನ ದೀರ್ಘ ಬಳಕೆಯ ಅಧ್ಯಯನಗಳು. ದೂರ ಹೆಚ್ಚಿದಂತೆ ಅಲೆಯ ತೀವ್ರತೆ ಬೇಗನೆ ಕುಗ್ಗುತ್ತದೆ. ಸಾಧನ ಮಂಚದ ತಲೆದೆಸೆಯಲ್ಲಿರದೆ ಹಜಾರದ ಛಾವಣಿಯಲ್ಲಿದ್ದರೆ ಚಿಂತೆಗೆ ಕಾರಣವಿಲ್ಲ.

ಒಂದು ಎಚ್ಚರಿಕೆಯ ಮಾತು ಮಾತ್ರ ಅವಶ್ಯ. ತೀವ್ರ ಎದೆನೋವು, ಉಸಿರಾಟದ ತೊಂದರೆ, ಇದ್ದಕ್ಕಿದ್ದಂತೆ ಮಾತು ತೊದಲುವುದು ಇವುಗಳಿಗೆ ವಿಡಿಯೋ ಸಲಹೆ ಮದ್ದಲ್ಲ; ಕೂಡಲೇ 112ಕ್ಕೆ ಕರೆಮಾಡಿ ಆಸ್ಪತ್ರೆಗೆ ಧಾವಿಸಬೇಕು. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ನಿಯಮಿತ ವಿಚಾರಣೆಗಾದರೆ, ಊರಿನ ವೈದ್ಯರ 'ಹೇಗಿದ್ದೀರಿ ಅಮ್ಮಾ?' ಎಂಬ ಮಾತು ಅಡಚಣೆಯಿಲ್ಲದೆ ಕೇಳಿಸಿದರೆ ಅದೇ ಅರ್ಧ ಔಷಧಿ. ಮುಂದಿನ ಸಲ ಮನೆಗೆ ಬಣ್ಣ ಹೊಡೆಸುವ ಗೃಹಸ್ಥರು ಬಣ್ಣದ ಲೆಕ್ಕದೊಡನೆ ಒಂದು ಸುರುಳಿ ತಂತಿಯನ್ನೂ ಸೇರಿಸಿಕೊಳ್ಳುವುದು ಒಳಿತು.