ತೋಟಗಾರಿಕೆಯ ತಿಳಿವು ನೆರೆಮನೆಗೆ

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಸಿಯಾಟಲ್ ಮತ್ತು ಟಕೋಮಾ ನಗರಗಳನ್ನು ಒಳಗೊಂಡ ಕಿಂಗ್ ಮತ್ತು ಪಿಯರ್ಸ್ ಕೌಂಟಿಗಳಲ್ಲಿ, 1970ರ ದಶಕದ ಆರಂಭದ ವೇಳೆಗೆ ಹಿತ್ತಲ ತೋಟದ ಬಗ್ಗೆ ನಗರವಾಸಿಗಳು ಕೇಳುತ್ತಿದ್ದ ಪ್ರಶ್ನೆಗಳಿಗೆ ಉತ್ತರಿಸುವುದರಲ್ಲೇ ವಿಸ್ತರಣಾಧಿಕಾರಿಗಳ ದಿನ ಮುಗಿದುಹೋಗುತ್ತಿತ್ತು. ವಿಸ್ತರಣೆ ಎಂದರೆ ವಿಶ್ವವಿದ್ಯಾನಿಲಯದಲ್ಲಿ ನಡೆದ ಸಂಶೋಧನೆಯ ಫಲವನ್ನು ಜನರ ಬಾಗಿಲಿಗೆ ಮುಟ್ಟಿಸುವ ವ್ಯವಸ್ಥೆ. 1862ರ ಮೊರಿಲ್ ಕಾಯಿದೆಯು ಸರ್ಕಾರಿ ಭೂಮಿಯ ನೆರವಿನಿಂದ ಕೃಷಿ ಕಾಲೇಜುಗಳನ್ನು ಕಟ್ಟಲು ದಾರಿ ಮಾಡಿಕೊಟ್ಟಿದ್ದರೆ, 1914ರ ಸ್ಮಿತ್-ಲೀವರ್ ಕಾಯಿದೆಯು ಅಲ್ಲಿನ ವಿದ್ಯೆಯನ್ನು ಹಳ್ಳಿಗಳಿಗೆ ಒಯ್ಯುವ ಹೊಣೆಯನ್ನು ಈ ಸೇವೆಗೆ ವಹಿಸಿತ್ತು. ಆದರೆ ರೈತರನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪುಗೊಂಡ ವ್ಯವಸ್ಥೆಗೆ ಬೆಳೆಯುತ್ತಿದ್ದ ನಗರಗಳ ಬೇಡಿಕೆಯನ್ನು ತಾಳಿಕೊಳ್ಳುವಷ್ಟು ಸಿಬ್ಬಂದಿ ಇರಲಿಲ್ಲ.

ಇದಕ್ಕೆ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾನಿಲಯದ ವಿಸ್ತರಣಾಧಿಕಾರಿಗಳಾದ ಡೇವಿಡ್ ಗಿಬ್ಬಿ ಮತ್ತು ಬಿಲ್ ಷೀರ್ ಕಂಡುಕೊಂಡ ಪರಿಹಾರ ಸರಳವಾದದ್ದು: ತೋಟದಲ್ಲಿ ಆಸಕ್ತಿಯುಳ್ಳ ನಾಗರಿಕರಿಗೆ ವಿಶ್ವವಿದ್ಯಾನಿಲಯವೇ ತರಬೇತಿ ಕೊಡುವುದು, ಅದಕ್ಕೆ ಪ್ರತಿಯಾಗಿ ಅವರು ತಮ್ಮ ಊರಿನ ಜನರಿಗೆ ಸಲಹೆ ನೀಡಲು ಇಷ್ಟು ಗಂಟೆ ಎಂದು ಸಮಯ ಕೊಡುವುದು. ಸ್ವಯಂಸೇವಕರ ಕೈಗೆ ಇಂಥ ಕೆಲಸವನ್ನು ಒಪ್ಪಿಸಬಹುದೇ ಎಂಬ ಅನುಮಾನ ಕೆಲವು ತಜ್ಞರಲ್ಲಿತ್ತು. 1972ರಲ್ಲಿ ಟಕೋಮಾದ ಒಂದು ಮಾಲ್‌ನಲ್ಲಿ ಪ್ರಯೋಗಕ್ಕೆಂದು ತೆರೆದ ಸಸ್ಯ ಚಿಕಿತ್ಸಾಲಯಕ್ಕೆ ಜನರಿಂದ ಬಂದ ಪ್ರತಿಕ್ರಿಯೆ ಯೋಜನೆಗೆ ಬಲ ತಂದಿತು. 1973ರಲ್ಲಿ ತರಬೇತಿ ಆರಂಭವಾಯಿತು. ಹೀಗೆ ಕಲಿತವರಿಗೆ 'ಮಾಸ್ಟರ್ ಗಾರ್ಡನರ್' ಎಂಬ ಹೆಸರು ಬಂದದ್ದು ಜರ್ಮನಿಯಲ್ಲಿ ನುರಿತ ತೋಟಗಾರರಿಗೆ ಸಲ್ಲುವ 'ಗಾರ್ಟನ್‌ಮೈಸ್ಟರ್' ಎಂಬ ಬಿರುದಿನಿಂದ.

ತರಬೇತಿಯ ಅವಧಿ ರಾಜ್ಯದಿಂದ ರಾಜ್ಯಕ್ಕೆ ಬೇರೆಯಾದರೂ ಸಾಮಾನ್ಯವಾಗಿ ನಲವತ್ತು ಗಂಟೆ ಅಥವಾ ಅದಕ್ಕಿಂತ ಹೆಚ್ಚು. ಮೊದಲ ವರ್ಷದ ಸೇವೆಯೂ ಹೆಚ್ಚುಕಡಿಮೆ ಅಷ್ಟೇ. ಮಣ್ಣು, ಗೊಬ್ಬರ, ಸಸ್ಯರೋಗ, ಗಿಡ ಸವರುವ ಕ್ರಮ ಮುಂತಾದವುಗಳ ಜೊತೆಗೆ ಸಮಗ್ರ ಪೀಡೆ ನಿರ್ವಹಣೆಯನ್ನೂ, ಅಂದರೆ ಕೀಟ ಕಂಡೊಡನೆ ವಿಷ ಸಿಂಪಡಿಸದೆ, ಹಾನಿಯ ಪ್ರಮಾಣವನ್ನು ಅಳೆದು, ನಿರಪಾಯದ ಉಪಾಯಗಳನ್ನು ಮೊದಲು ಬಳಸುವ ವಿಧಾನವನ್ನೂ ಕಲಿಸಲಾಗುತ್ತದೆ.

ಈ ಕಲಿಕೆಯ ಬೆಲೆ ತಿಳಿಯುವುದು ಸಸ್ಯ ಚಿಕಿತ್ಸಾಲಯದ ಮೇಜಿನ ಮುಂದೆ. ಬುಡದಲ್ಲಿ, ಅಂದರೆ ಹೂವು ಕಳಚಿದ ತುದಿಯಲ್ಲಿ, ಕಂದುಗಪ್ಪು ಕಲೆಯಾಗಿ, ಚರ್ಮದಂತೆ ಗಡುಸಾಗಿ ಒಳಕ್ಕೆ ಕುಸಿದ ಟೊಮೆಟೊವನ್ನು ಯಾರಾದರೂ ಚೀಲದಲ್ಲಿ ತಂದರೆಂದುಕೊಳ್ಳೋಣ. ನೋಡಿದವರಿಗೆ ಅದು ಶಿಲೀಂಧ್ರ ರೋಗವೆಂದೇ ತೋರುತ್ತದೆ, ಔಷಧಿ ಹೊಡೆಯುವ ಮನಸ್ಸಾಗುತ್ತದೆ. ತರಬೇತಿ ಪಡೆದವರು ಮೊದಲು ಕೇಳುವುದು ನೀರಿನ ಬಗ್ಗೆ: ಎಷ್ಟು ದಿನಕ್ಕೊಮ್ಮೆ ಹಾಕುತ್ತೀರಿ, ಗಿಡ ಕುಂಡದಲ್ಲಿದೆಯೋ ನೆಲದಲ್ಲಿದೆಯೋ, ಸಾರಜನಕದ ಗೊಬ್ಬರ ಹೆಚ್ಚಾಯಿತೇ? ಏಕೆಂದರೆ ಇದು ಸೋಂಕಲ್ಲ, ಕಾಯಿಗೆ ಸುಣ್ಣದ ಅಂಶವಾದ ಕ್ಯಾಲ್ಸಿಯಂ ಸಾಲದೆ ಹೋದುದರ ಗುರುತು. ಕ್ಯಾಲ್ಸಿಯಂ ನೀರಿನೊಡನೆಯೇ ಗಿಡದೊಳಗೆ ಸಾಗುವುದರಿಂದ, ಮಣ್ಣು ಒಮ್ಮೆ ಒಣಗಿ ಇನ್ನೊಮ್ಮೆ ಕೆಸರಾದರೆ ಅದರ ಹರಿವು ತಪ್ಪುತ್ತದೆ. ಎಲೆಗಳಷ್ಟು ನೀರನ್ನು ಎಳೆದುಕೊಳ್ಳದ ಕಾಯಿಗೆ ಆ ಕೊರತೆ ಮೊದಲು ತಟ್ಟುತ್ತದೆ. ಮಣ್ಣಿನಲ್ಲಿ ಸುಣ್ಣದ ಅಂಶ ಸಾಕಷ್ಟಿದ್ದರೂ ಹೀಗಾಗಬಹುದು. ಆದ್ದರಿಂದ ಹದವರಿತು ನೀರು ಕೊಡುವುದು, ಬುಡಕ್ಕೆ ತರಗೆಲೆಯ ಅಥವಾ ಹುಲ್ಲಿನ ಹೊದಿಕೆ ಹಾಸುವುದು, ಇವೇ ಮದ್ದು. ಒಂದು ಬಾಟಲಿ ವಿಷ ಮಣ್ಣಿಗೆ ಬೀಳುವುದನ್ನು ಮೂರು ಪ್ರಶ್ನೆಗಳು ತಡೆದವು ಎನ್ನುವುದು ಸಣ್ಣ ಸಾಧನೆಯಲ್ಲ.

ಸಲಹೆಗಾರರಿಗೆ ಕಟ್ಟುಪಾಡುಗಳೂ ಇವೆ. ಸಂಶೋಧನೆಯಿಂದ ದೃಢಪಟ್ಟ ಮಾತನ್ನಷ್ಟೇ ಅವರು ಹೇಳಬೇಕು. ತಿಳಿಯದಿದ್ದರೆ ಊಹಿಸದೆ, ವಿಚಾರಿಸಿ ತಿಳಿಸುತ್ತೇನೆಂದು ಒಪ್ಪಿಕೊಳ್ಳಬೇಕು. ಈ ಬಿರುದನ್ನು ತಮ್ಮ ವ್ಯಾಪಾರಕ್ಕೆ ಬಳಸಿಕೊಳ್ಳುವಂತಿಲ್ಲ. ಇವುಗಳಲ್ಲಿ ಅತ್ಯಂತ ಮುಖ್ಯವಾದದ್ದು ಎರಡನೆಯದು, ಏಕೆಂದರೆ ಗಿಡದ ವಿಷಯದಲ್ಲಿ ಪುಕ್ಕಟೆ ಸಲಹೆಗೆ ಎಲ್ಲಿಯೂ ಬರವಿಲ್ಲ, ಗೊತ್ತಿಲ್ಲವೆಂದು ಹೇಳಬಲ್ಲವರಿಗೆ ಮಾತ್ರ ಬರವಿದೆ. ಈ ಶಿಸ್ತಿನ ಜೊತೆಯಲ್ಲೇ ಯೋಜನೆ ಇಂದು ಅಮೆರಿಕದ ಎಲ್ಲ 50 ರಾಜ್ಯಗಳಿಗೂ ಹಬ್ಬಿದೆ.

ಕರ್ನಾಟಕಕ್ಕೂ ಈ ಪರಂಪರೆಯ ನಂಟಿದೆ. 1964ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ಬೋಧನೆ, ಸಂಶೋಧನೆ, ವಿಸ್ತರಣೆ ಮೂರನ್ನೂ ಒಂದೇ ಸೂರಿನಡಿ ತರುವ ಆ ಅಮೆರಿಕನ್ ಮಾದರಿಯಲ್ಲೇ ರೂಪುಗೊಂಡದ್ದು. 2008ರಲ್ಲಿ ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾನಿಲಯವೂ ಹುಟ್ಟಿತು. ತಾರಸಿಯಲ್ಲಿ ಕರಿಬೇವು, ಮೆಣಸಿನಕಾಯಿ ಬೆಳೆಯುವ ಪಟ್ಟಣಿಗರಿಗೆ ಈ ವಿದ್ಯೆ ತಲುಪಬೇಕಾದರೆ, ಸಮಯವೂ ಗಿಡದ ಮೇಲೆ ಅಕ್ಕರೆಯೂ ಇರುವ ನಿವೃತ್ತರನ್ನು, ಗೃಹಿಣಿಯರನ್ನು, ಯುವಕರನ್ನು ಬಡಾವಣೆಗೆ ಇಬ್ಬರಂತೆಯಾದರೂ ಆರಿಸಿ ಕಲಿಸುವ ಕೆಲಸವನ್ನು ಇಂಥ ವಿಶ್ವವಿದ್ಯಾನಿಲಯಗಳು ಕೈಗೆತ್ತಿಕೊಳ್ಳಲಿ.