ಗೊರಕೆಯೂ ಕಣ್ಣಿನ ಬೆಳಕೂ

ನಮ್ಮ ಮನೆಗಳಲ್ಲಿ ಗೊರಕೆಯನ್ನು ರೋಗವೆಂದು ಎಣಿಸುವ ವಾಡಿಕೆಯಿಲ್ಲ. ಮನೆಯ ಯಜಮಾನರು ಊಟ ಮಾಡಿ ಮಲಗಿದ ಗಳಿಗೆಯಲ್ಲಿಯೇ ಗೊರಕೆ ಹೊಡೆಯಲಾರಂಭಿಸಿದರೆ, “ಪುಣ್ಯವಂತರು, ಒಳ್ಳೆಯ ನಿದ್ರೆ” ಎಂದು ಹಿರಿಯರು ಮೆಚ್ಚುವುದುಂಟು. ಮಕ್ಕಳು ಕುಂಭಕರ್ಣನ ಹೆಸರೆತ್ತಿ ನಗುವುದುಂಟು. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆಯನ್ನು ಕೇಳಿ ಬೆಳೆದ ನಮಗೆ ಗಟ್ಟಿಯಾದ ಗೊರಕೆಯು ನಿಶ್ಚಿಂತೆಯ ಗುರುತಾಗಿಯೇ ತೋರುತ್ತದೆ. ಆದರೆ ಎಲ್ಲ ಗೊರಕೆಯೂ ಒಂದೇ ಬಗೆಯದಲ್ಲ. ಕೆಲವರ ಗೊರಕೆಯು ನಡುವೆ ಥಟ್ಟನೆ ನಿಂತು, ಕೋಣೆಯೆಲ್ಲ ನಿಶ್ಶಬ್ದವಾಗಿ, ಹತ್ತು ಹದಿನೈದು ಎಣಿಸುವಷ್ಟು ಹೊತ್ತು ಉಸಿರೇ ಆಡದೆ, ತರುವಾಯ ನೀರಿನಲ್ಲಿ ಮುಳುಗಿದವನು ಮೇಲೆದ್ದಂತೆ ದೊಡ್ಡದೊಂದು ಏದುಸಿರಿನೊಡನೆ ಪುನಃ ಆರಂಭವಾಗುತ್ತದೆ. ಆ ನಡುವಣ ನಿಶ್ಶಬ್ದವನ್ನು ಕುರಿತು ನಾವು ಇಲ್ಲಿ ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇವೆ.

ಆ ನಿಶ್ಶಬ್ದವು ಹೃದಯಕ್ಕೂ ರಕ್ತದ ಒತ್ತಡಕ್ಕೂ ಕೇಡೆಂಬುದನ್ನು ಈಗ ಅನೇಕರು ಬಲ್ಲರು. ಅದು ಕಣ್ಣಿನ ಬೆಳಕಿಗೂ ಕೇಡನ್ನು ತರಬಹುದೆಂಬ ಸಂಗತಿಯು ಅಷ್ಟಾಗಿ ತಿಳಿದಂತಿಲ್ಲ. ಗ್ಲಾಕೋಮಾ ಎಂಬ ನೇತ್ರರೋಗಕ್ಕೂ ನಿದ್ರೆಯಲ್ಲಿ ಉಸಿರು ಕಟ್ಟುವುದಕ್ಕೂ ನಂಟುಂಟೆಂದು ವೈದ್ಯರು ನಾಲ್ವತ್ತು ವರ್ಷಗಳಿಗೂ ಮಿಕ್ಕಿ ಹೇಳುತ್ತ ಬಂದಿದ್ದಾರೆ. ಆ ನಂಟು ಎಷ್ಟರಮಟ್ಟಿಗೆ ಸಿದ್ಧವಾಗಿದೆ, ಎಲ್ಲಿ ಇನ್ನೂ ಸಂದೇಹಕ್ಕೆ ಎಡೆಯಿದೆ, ಗೃಹಸ್ಥರು ಅದರಿಂದ ತಿಳಿದುಕೊಳ್ಳತಕ್ಕದ್ದೇನು ಎಂಬುದನ್ನು ವಿಚಾರಿಸೋಣ.

ಮೊದಲು ಉಸಿರಿನ ವಿಷಯ. ನಾವು ಎಚ್ಚರವಾಗಿರುವಾಗ ಗಂಟಲಿನ ಸ್ನಾಯುಗಳು ಬಿಗಿಯಾಗಿದ್ದು ಉಸಿರಿನ ದಾರಿಯನ್ನು ತೆರೆದು ಹಿಡಿದಿರುತ್ತವೆ. ನಿದ್ರೆ ಬಂದೊಡನೆ ಅವು ಸಡಿಲಗೊಳ್ಳುತ್ತವೆ. ನಾಲಗೆಯ ಬುಡವೂ ಕಿರುನಾಲಗೆಯ ಸುತ್ತಣ ಮೆದುವಾದ ಅಂಗುಳೂ ಹಿಂದಕ್ಕೆ ಜರುಗಿ ದಾರಿಯನ್ನು ಕಿರಿದು ಮಾಡುತ್ತವೆ. ಇಕ್ಕಟ್ಟಾದ ಆ ದಾರಿಯಲ್ಲಿ ಗಾಳಿ ನುಗ್ಗುವಾಗ ಮೆದುವಾದ ಭಾಗಗಳು ಅದುರುವುದರಿಂದ ಉಂಟಾಗುವ ಸದ್ದೇ ಗೊರಕೆ. ದಾರಿಯು ಪೂರ್ತಿಯಾಗಿ ಮುಚ್ಚಿಕೊಂಡರೆ ಸದ್ದೂ ಇಲ್ಲ, ಉಸಿರೂ ಇಲ್ಲ. ಎದೆಯೂ ಹೊಟ್ಟೆಯೂ ಗಾಳಿಯನ್ನು ಎಳೆದುಕೊಳ್ಳಲು ಹೆಣಗುತ್ತಿದ್ದರೂ ಒಳಕ್ಕೆ ಗಾಳಿ ಬಾರದು. ರಕ್ತದಲ್ಲಿನ ಆಮ್ಲಜನಕವು ಇಳಿಯುತ್ತದೆ. ಆಗ ಮೆದುಳು ಮಲಗಿದವನನ್ನು ಅರೆಕ್ಷಣ ಎಚ್ಚರಗೊಳಿಸುತ್ತದೆ, ಸ್ನಾಯುಗಳು ಬಿಗಿಯುತ್ತವೆ, ಏದುಸಿರಿನೊಡನೆ ದಾರಿ ತೆರೆಯುತ್ತದೆ. ಮರುಗಳಿಗೆಯಲ್ಲಿ ನಿದ್ರೆ, ಮತ್ತೆ ಅದೇ ಕಥೆ. ಬೆಳಗ್ಗೆ ಎದ್ದವನಿಗೆ ಇದರ ನೆನಪೇ ಇರದು.

ಈ ರೋಗವನ್ನು ವೈದ್ಯರು ಸ್ಲೀಪ್ ಆಪ್ನಿಯಾ ಎನ್ನುತ್ತಾರೆ. ನಾವು ನಿದ್ರಾಶ್ವಾಸಸ್ತಂಭನವೆಂದು ಕರೆಯಬಹುದು. ಉಸಿರು ಹತ್ತು ಸೆಕೆಂಡಿಗೆ ಕಡಿಮೆಯಿಲ್ಲದಂತೆ ನಿಂತರೆ ಅದನ್ನು ಒಂದು ಸಲವೆಂದು ಲೆಕ್ಕ ಹಿಡಿಯುತ್ತಾರೆ. ಪೂರಾ ನಿಲ್ಲದೆ ಬಹಳವಾಗಿ ಕುಗ್ಗಿದುದನ್ನೂ ಕೂಡಿಸಿ, ಗಂಟೆಗೆ ೫ರಿಂದ ೧೫ ಸಲವಾದರೆ ಅಲ್ಪವೆಂದೂ, ೧೫ರಿಂದ ೩೦ರವರೆಗೆ ಮಧ್ಯಮವೆಂದೂ, ೩೦ನ್ನು ಮುಟ್ಟಿದರೆ ತೀವ್ರವೆಂದೂ ಎಣಿಕೆ. ಗಂಟೆಗೆ ೩೦ ಸಲವೆಂದರೆ ಏಳು ಗಂಟೆ ಮಲಗಿದವನಿಗೆ ಒಂದು ರಾತ್ರಿಯಲ್ಲಿ ೨೧೦ ಸಲ ಉಸಿರು ಕಟ್ಟಿದಂತಾಯಿತು. ಇಂಗ್ಲಿಷ್ ಕಾದಂಬರಿಕಾರ ಡಿಕನ್ಸನು ೧೮೩೬-೩೭ರಲ್ಲಿ ಬರೆದ ‘ಪಿಕ್‌ವಿಕ್ ಪೇಪರ್ಸ್’ ಎಂಬ ಗ್ರಂಥದಲ್ಲಿ, ನಿಂತಲ್ಲಿಯೇ ತೂಕಡಿಸುವ ಜೋ ಎಂಬ ದಡೂತಿ ಹುಡುಗನೊಬ್ಬನು ಬರುತ್ತಾನೆ. ಇಂಥ ರೋಗಿಗಳನ್ನು ಕಂಡ ಅಮೆರಿಕದ ವೈದ್ಯರು ೧೯೫೬ರಲ್ಲಿ ಆ ಗ್ರಂಥದ ಹೆಸರನ್ನೇ ರೋಗಕ್ಕಿಟ್ಟಿದ್ದರು. ಮಲಗಿದವರ ಉಸಿರನ್ನು ಯಂತ್ರದಿಂದ ಗುರುತುಮಾಡಿ, ಅದು ಪದೇಪದೇ ನಿಲ್ಲುವುದನ್ನು ಫ್ರಾನ್ಸಿನಲ್ಲಿಯೂ ಜರ್ಮನಿಯಲ್ಲಿಯೂ ತೋರಿಸಿದುದು ೧೯೬೫ರಲ್ಲಿ.

ಇನ್ನು ಕಣ್ಣಿನ ವಿಷಯ. ಕಣ್ಣಿನ ಮುಂಭಾಗದಲ್ಲಿ ತಿಳಿಯಾದ ನೀರೊಂದು ಸದಾ ಊರುತ್ತಿದ್ದು, ಅಂಚಿನಲ್ಲಿರುವ ಸೂಕ್ಷ್ಮವಾದ ಜಾಲರಿಯ ಮೂಲಕ ಹೊರಕ್ಕೆ ಹರಿದುಹೋಗುತ್ತಿರುತ್ತದೆ. ಈ ನೀರಿಗೂ ಕಣ್ಣೀರಿಗೂ ಸಂಬಂಧವಿಲ್ಲ. ಕೆರೆಗೆ ನೀರು ಬರುತ್ತಲೇ ಇದ್ದು ತೂಬಿನಲ್ಲಿ ಹೂಳು ತುಂಬಿದರೆ ಏರಿಯ ಮೇಲೆ ಒತ್ತಡ ಹೆಚ್ಚುವಂತೆ, ಈ ಜಾಲರಿಯಲ್ಲಿ ಅಡಚಣೆಯಾದರೆ ಕಣ್ಣಿನೊಳಗೆ ಒತ್ತಡವೇರುತ್ತದೆ. ಸಾಮಾನ್ಯವಾಗಿ ಆ ಒತ್ತಡವು ಪಾದರಸದ ಅಳತೆಯಲ್ಲಿ ೧೦ರಿಂದ ೨೧ ಮಿಲಿಮೀಟರಿನೊಳಗೆ ಇರುತ್ತದೆ. ಅದು ಏರಿದಾಗ ಪೆಟ್ಟು ಬೀಳುವುದು ಕಣ್ಣಿನ ಹಿಂಬದಿಯಲ್ಲಿರುವ ದೃಷ್ಟಿನರಕ್ಕೆ. ಸುಮಾರು ಹತ್ತು ಲಕ್ಷ ಎಳೆಗಳ ಹುರಿಯಂತಿರುವ ಈ ನರವು ಕಂಡುದನ್ನೆಲ್ಲ ಮೆದುಳಿಗೆ ಒಯ್ಯತಕ್ಕದ್ದು. ಅದರ ಎಳೆಗಳು ಒಂದೊಂದಾಗಿ ಸಾಯುವುದೇ ಗ್ಲಾಕೋಮಾ. ಸತ್ತ ಎಳೆಯನ್ನು ಬದುಕಿಸುವ ಔಷಧವು ಇಂದಿಗೂ ಇಲ್ಲ.

ಈ ರೋಗದ ಕಪಟವೆಂದರೆ ಅದು ನೋವಿಲ್ಲದೆ ಬರುವುದು. ದೃಷ್ಟಿಯು ಮೊದಲು ಪಕ್ಕಗಳಲ್ಲಿ ಕುಂದುತ್ತದೆ. ನಟ್ಟನಡುವಿನ ನೋಟ ಕೊನೆಯವರೆಗೂ ಉಳಿದಿರಬಹುದು. ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಕಣ್ಣು ತುಂಬಿಕೊಡುತ್ತದೆ. ಪಂಚಾಂಗದ ಸಣ್ಣ ಅಕ್ಷರವನ್ನು ಓದಬಲ್ಲವರು, ಸೂಜಿಗೆ ದಾರ ಪೋಣಿಸಬಲ್ಲವರು, ತಮ್ಮ ದೃಷ್ಟಿಯ ಅರ್ಧವನ್ನು ಕಳೆದುಕೊಂಡಿದ್ದರೂ ಅದನ್ನು ಅರಿಯದೆ ಇರಬಲ್ಲರು. ಪಕ್ಕದಿಂದ ಬಂದ ವಾಹನವು ಕಾಣದೆ ಹೋದಾಗಲೋ, ಬಾಗಿಲ ಚೌಕಟ್ಟು ಭುಜಕ್ಕೆ ಮತ್ತೆ ಮತ್ತೆ ತಗುಲಿದಾಗಲೋ ಅನುಮಾನ ಹುಟ್ಟುವಷ್ಟರಲ್ಲಿ ಬಹಳ ಕಾಲ ಸಂದಿರುತ್ತದೆ. ನಮ್ಮ ದೇಶದಲ್ಲಿ ನಾಲ್ವತ್ತು ವರ್ಷ ದಾಟಿದವರಲ್ಲಿ ಒಂದು ಕೋಟಿಗೂ ಹೆಚ್ಚು ಮಂದಿಗೆ ಈ ರೋಗವಿದೆಯೆಂದು ೨೦೧೦ರಲ್ಲಿ ಪ್ರಕಟವಾದ ಒಂದು ಅಂದಾಜು ಹೇಳುತ್ತದೆ; ಅವರಲ್ಲಿ ಬಹುಮಂದಿಗೆ ತಮಗೆ ರೋಗವಿದೆಯೆಂಬುದೇ ತಿಳಿಯದು. ಇದನ್ನು ಕಣ್ಣಿನ ಪೊರೆಯೆಂದು ಭ್ರಮಿಸಿ, “ಪೊರೆ ಬಲಿಯಲಿ, ಆಮೇಲೆ ತೆಗೆಸೋಣ” ಎಂದು ಕಾಯುವವರೂ ಉಂಟು. ಪೊರೆಯಿಂದ ಹೋದ ದೃಷ್ಟಿಯನ್ನು ಶಸ್ತ್ರಚಿಕಿತ್ಸೆಯಿಂದ ಹಿಂದಕ್ಕೆ ಪಡೆಯಬಹುದು. ಗ್ಲಾಕೋಮಾದಿಂದ ಹೋದ ದೃಷ್ಟಿಯು ಹಿಂತಿರುಗದು.

ಇಲ್ಲಿ ಒಂದು ತೊಡಕಿದೆ. ಎಷ್ಟೋ ಜನರಲ್ಲಿ ಕಣ್ಣಿನ ಒತ್ತಡವು ೨೧ರೊಳಗೇ ಇದ್ದಾಗ್ಯೂ ದೃಷ್ಟಿನರವು ಕ್ಷಯಿಸುತ್ತದೆ. ಒತ್ತಡವೊಂದೇ ಕಾರಣವಾಗಿದ್ದರೆ ಹೀಗಾಗಬಾರದಷ್ಟೆ. ಆದುದರಿಂದ ಆ ನರಕ್ಕೆ ತಕ್ಕಷ್ಟು ರಕ್ತವೂ ಆಮ್ಲಜನಕವೂ ಸಲ್ಲದೆ ಇರುವುದೂ ಒಂದು ಕಾರಣವಾಗಿರಬೇಕೆಂದು ಪಂಡಿತರು ಊಹಿಸಿದರು. ಹಾಗೆ ಊಹಿಸಿದವರ ದೃಷ್ಟಿಯು ರಾತ್ರಿಯೆಲ್ಲ ಆಮ್ಲಜನಕಕ್ಕಾಗಿ ಹೆಣಗುವ ರೋಗಿಗಳ ಕಡೆಗೆ ತಿರುಗಿದುದು ಸಹಜವೇ ಆಗಿತ್ತು.

೧೯೮೨ರಲ್ಲಿ ಕೆನಡಾ ದೇಶದ ವೈದ್ಯರಾದ ವಾಲ್ಷ್ ಮತ್ತು ಮಾಂಟ್‌ಪ್ಲೆಸಿರ್ ಎಂಬವರು ಒಂದೇ ಮನೆತನದ ಎರಡು ತಲೆಮಾರಿನವರಲ್ಲಿ ಈ ಎರಡು ರೋಗಗಳೂ ಒಟ್ಟಿಗೆ ಇರುವುದನ್ನು ಕಂಡು ಪ್ರಕಟಿಸಿದರು. ೧೯೯೯ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಮೋಜಾನ್ ಎಂಬ ನೇತ್ರವೈದ್ಯರೂ ಅವರ ಸಂಗಡಿಗರೂ ನಿದ್ರಾಶ್ವಾಸಸ್ತಂಭನವುಳ್ಳ ೬೯ ಮಂದಿಯ ಕಣ್ಣುಗಳನ್ನು ಪರೀಕ್ಷಿಸಲು, ಐವರಲ್ಲಿ, ಎಂದರೆ ನೂರಕ್ಕೆ ಏಳಕ್ಕೂ ಮೀರಿ, ಗ್ಲಾಕೋಮಾ ಕಂಡುಬಂದಿತು. ಅಲ್ಲಿಯ ಸಾಮಾನ್ಯ ಜನರಲ್ಲಿ ನಿರೀಕ್ಷಿಸತಕ್ಕದ್ದು ನೂರಕ್ಕೆ ಎರಡರಷ್ಟು ಮಾತ್ರ. ೨೦೧೩ರಲ್ಲಿ ತೈವಾನಿನವರು ೧,೦೧೨ ರೋಗಿಗಳನ್ನು ೬,೦೭೨ ಮಂದಿ ಇತರರೊಡನೆ ಐದು ವರ್ಷಗಳ ಅವಧಿಗೆ ಹೋಲಿಸಿ, ರೋಗಿಗಳಲ್ಲಿ ಗ್ಲಾಕೋಮಾದ ಸಂಭವವು ೧.೬೭ ಪಾಲಿನಷ್ಟೆಂದು ಕಂಡರು.

ಇವಿಷ್ಟನ್ನೇ ಹೇಳಿ ನಿಲ್ಲಿಸಿದರೆ ನಾವು ವಾಚಕರಿಗೆ ನ್ಯಾಯ ಮಾಡಿದಂತಾಗದು. ೨೦೧೧ರಲ್ಲಿ ಅಮೆರಿಕದಲ್ಲಿ ಇಪ್ಪತ್ತು ಲಕ್ಷಕ್ಕೂ ಮಿಕ್ಕ ಜನರ ಚಿಕಿತ್ಸೆಯ ಲೆಕ್ಕಪತ್ರಗಳನ್ನು ಶೋಧಿಸಿದವರು, ವಯಸ್ಸು, ಮಧುಮೇಹ, ರಕ್ತದ ಒತ್ತಡ ಮುಂತಾದ ಇತರ ಕಾರಣಗಳನ್ನು ಕಳೆದು ನೋಡಿದಾಗ, ಹೇಳಿಕೊಳ್ಳುವಂಥ ವ್ಯತ್ಯಾಸವನ್ನು ಕಾಣಲಿಲ್ಲ. ಎರಡು ರೋಗಗಳೂ ವಯಸ್ಸಾದವರಲ್ಲಿ ಹೆಚ್ಚು. ಒಟ್ಟಿಗೆ ಕಾಣಿಸಿಕೊಂಡ ಮಾತ್ರಕ್ಕೆ ಒಂದು ಇನ್ನೊಂದರ ಕಾರಣವಾಗಬೇಕೆಂಬ ನಿಯಮವಿಲ್ಲ. ಆದುದರಿಂದ ಗೊರಕೆ ಹೊಡೆಯುವವರೆಲ್ಲರೂ ಕುರುಡರಾಗುವರೆಂದು ಯಾರೂ ಹೆದರಬೇಕಾಗಿಲ್ಲ. ನಂಟುಂಟೆಂಬುದಕ್ಕೆ ಆಧಾರಗಳು ಹೆಚ್ಚುತ್ತಿವೆ. ಕಾರ್ಯಕಾರಣಸಂಬಂಧವು ಇನ್ನೂ ಪೂರ್ತಿಯಾಗಿ ಸಿದ್ಧವಾಗಿಲ್ಲ ಎಂಬುದೇ ಸರಿಯಾದ ಮಾತು.

ಹೇಗೆ ಕೇಡಾಗಬಹುದೆಂಬ ವಿಷಯದಲ್ಲಿ ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾನಿಲಯದವರು ೨೦೧೬ರಲ್ಲಿ ಪ್ರಕಟಿಸಿದ ಪ್ರಯೋಗವು ಬಹಳ ಸ್ವಾರಸ್ಯವಾದುದು. ಅವರು ಕಾಂಟ್ಯಾಕ್ಟ್ ಲೆನ್ಸಿನಂತಹ ಸೂಕ್ಷ್ಮ ಸಾಧನವೊಂದನ್ನು ರೋಗಿಗಳ ಕಣ್ಣಿಗಿಟ್ಟು, ಮಲಗಿರುವಾಗಲೇ ಕಣ್ಣಿನ ಒತ್ತಡದ ಏರಿಳಿತವನ್ನು ಗುರುತಿಸಿದರು. ಉಸಿರು ಕಟ್ಟಿದಾಗ ಒತ್ತಡವೇರುವುದೆಂಬುದು ನಿರೀಕ್ಷೆಯಾಗಿತ್ತು. ಆದರೆ ಅದು ಇಳಿಯಿತು. ಮುಚ್ಚಿದ ಗಂಟಲಿನ ಎದುರು ಎದೆಯು ಗಾಳಿಯನ್ನು ಎಳೆಯುವಾಗ ಎದೆಯೊಳಗಣ ಒತ್ತಡವು ಕುಗ್ಗುವುದೇ ಅದಕ್ಕೆ ಕಾರಣವೆಂದು ಅವರು ವಿವರಿಸಿದರು. ಒತ್ತಡವು ಏರದಿದ್ದರೂ ನರಕ್ಕೆ ಕೇಡಾಗುವುದಾದರೆ, ಆಮ್ಲಜನಕದ ಅಭಾವವೇ ನೇರವಾಗಿ ನರವನ್ನು ತಿನ್ನುತ್ತಿರಬಹುದೆಂದು ಇದರಿಂದ ತೋರುತ್ತದೆ. ಅಲ್ಲದೆ ಪ್ರತಿಸಲ ಉಸಿರು ನಿಂತು ಪುನಃ ಬರುವಾಗ ರಕ್ತದ ಒತ್ತಡವು ಜಗ್ಗಿದಂತೆ ಏರಿಳಿಯುತ್ತದೆ. ಆ ಏರಿಳಿತಕ್ಕೆ ತಕ್ಕಂತೆ ಹಿಗ್ಗಿ ಕುಗ್ಗಬೇಕಾದ ಸಣ್ಣ ರಕ್ತನಾಳಗಳು ಕಾಲಕ್ರಮದಲ್ಲಿ ಆ ಶಕ್ತಿಯನ್ನು ಕಳೆದುಕೊಳ್ಳುತ್ತವೆ.

ಗೃಹಸ್ಥರು ಮಾಡತಕ್ಕದ್ದೇನು? ನಿದ್ರಾಶ್ವಾಸಸ್ತಂಭನಕ್ಕೆ ಮೊದಲನೆಯ ಸಾಕ್ಷಿ ಪಕ್ಕದಲ್ಲಿ ಮಲಗಿದವರು. ಗಂಡನ ಉಸಿರು ನಿಂತಾಗ ಎದೆ ಧಸಕ್ಕೆಂದು ಎದ್ದು ಕುಳಿತು, ಅದು ಮರಳುವವರೆಗೆ ಕಾದು, ಬೆಳಗ್ಗೆ ಯಾರೊಡನೆಯೂ ಹೇಳದೆ ಕೆಲಸಕ್ಕೆ ತೊಡಗುವ ಗೃಹಿಣಿಯರು ಎಷ್ಟೋ ಮಂದಿ. ಅವರು ಅದನ್ನು ಹೇಳಬೇಕು. ಕೇಳಿದವರು ಅದನ್ನು ಪರಿಹಾಸವೆಂದು ತಳ್ಳಿಬಿಡಬಾರದು. ಮಾವನವರ ಗೊರಕೆಯನ್ನು ಕುರಿತು ಸೊಸೆಯು ಮಾತೆತ್ತುವುದು ಮರ್ಯಾದೆಯಲ್ಲವೆಂಬ ಸಂಕೋಚವೂ ಬೇಡ. ಹೆಂಗಸರಿಗೂ, ಅದರಲ್ಲಿಯೂ ಮುಟ್ಟು ನಿಂತ ಮೇಲೆ, ಈ ರೋಗ ಬರುವುದುಂಟು. ಎಲ್ಲರೂ ಮಲಗಿದ ಮೇಲೆ ಮಲಗಿ ಎಲ್ಲರಿಗಿಂತ ಮೊದಲೇಳುವ ಅವರ ಉಸಿರನ್ನು ಆಲಿಸುವವರು ಯಾರು? ಮನೆಯವರು ಇದನ್ನೂ ಯೋಚಿಸಬೇಕು.

ಗಟ್ಟಿಯಾದ ಗೊರಕೆ, ನಡುನಡುವೆ ಉಸಿರು ನಿಲ್ಲುವುದು, ಬೆಳಗಿನ ತಲೆನೋವು, ಹಗಲಿನಲ್ಲಿ ಕುಳಿತಲ್ಲಿಯೇ ತೂಕಡಿಕೆ, ರಾತ್ರಿ ಪದೇಪದೇ ಮೂತ್ರಕ್ಕೆ ಏಳುವುದು, ಇಳಿಯದ ರಕ್ತದ ಒತ್ತಡ ಇವು ಕೂಡಿಬಂದರೆ ವೈದ್ಯರನ್ನು ಕಾಣತಕ್ಕದ್ದು. ಮೈ ತೂಕ ಹೆಚ್ಚಿರುವವರಿಗೂ ಕುತ್ತಿಗೆ ದಪ್ಪವಿರುವವರಿಗೂ ಸಂಭವ ಹೆಚ್ಚು. ಸಣಕಲು ಮೈಯವರಿಗೆ ಬಾರದೆಂದಲ್ಲ. ಒಂದು ರಾತ್ರಿ ಮಲಗಿಸಿ ಉಸಿರು, ನಾಡಿ, ಆಮ್ಲಜನಕ ಮೊದಲಾದವನ್ನು ಯಂತ್ರದಿಂದ ಗುರುತಿಸಿ ರೋಗವನ್ನು ನಿರ್ಣಯಿಸುತ್ತಾರೆ. ಕೆಲವರಿಗೆ ಈ ಪರೀಕ್ಷೆಯನ್ನು ಮನೆಯಲ್ಲಿಯೇ ಮಾಡುವುದೂ ಸಾಧ್ಯ. ಹೀಗೆ ರೋಗವು ನಿಶ್ಚಯವಾದವರು ನೇತ್ರವೈದ್ಯರನ್ನೂ ಒಮ್ಮೆ ಕಾಣುವುದು ಮೇಲು; ತಂದೆತಾಯಿಗಳಿಗೋ ಒಡಹುಟ್ಟಿದವರಿಗೋ ಗ್ಲಾಕೋಮಾ ಇದ್ದವರಂತೂ ತಪ್ಪದೆ ಕಾಣಬೇಕು. ಅಲ್ಲಿ ಕಣ್ಣಿನ ಒತ್ತಡವನ್ನು ಮಾತ್ರ ಅಳೆಯಿಸಿಕೊಂಡು “ಸರಿಯಾಗಿದೆ” ಎಂದು ಹಿಂತಿರುಗಬಾರದು. ದೃಷ್ಟಿನರವನ್ನು ನೋಡುವುದು, ಪಕ್ಕದ ನೋಟವನ್ನು ಅಳೆಯುವುದು ಇವೆರಡೂ ಆಗಬೇಕು. ಒತ್ತಡ ಸರಿಯಾಗಿದ್ದೇ ರೋಗ ಬರುವುದುಂಟೆಂದು ಮೇಲೆ ಹೇಳಿದ್ದೇವಷ್ಟೆ. ಹಾಗೆಯೇ ಒತ್ತಡ ಹೆಚ್ಚಿಲ್ಲದೆ ಗ್ಲಾಕೋಮಾ ಬಂದವರು ತಮ್ಮ ಗೊರಕೆಯ ಸಂಗತಿಯನ್ನು ನೇತ್ರವೈದ್ಯರಿಗೆ ತಿಳಿಸಬೇಕು.

ಚಿಕಿತ್ಸೆಯು ಎರಡಕ್ಕೂ ಉಂಟು. ಆಸ್ಟ್ರೇಲಿಯದ ಸಿಡ್ನಿಯಲ್ಲಿ ಕಾಲಿನ್ ಸಲಿವನ್ ಎಂಬ ವೈದ್ಯರು ೧೯೮೧ರಲ್ಲಿ ಪ್ರಕಟಿಸಿದ ಉಪಾಯವು ಈಗ ಸಿಪ್ಯಾಪ್ ಎಂಬ ಹೆಸರಿನಿಂದ ಎಲ್ಲೆಡೆಯೂ ಬಳಕೆಯಲ್ಲಿದೆ. ಮೂಗಿಗೆ ತೊಡಿಸಿದ ಮುಸುಕಿನ ಮೂಲಕ ಸಣ್ಣ ಯಂತ್ರವೊಂದು ಗಾಳಿಯನ್ನು ಮೆಲ್ಲನೆ ಒತ್ತಿ ಗಂಟಲಿನ ದಾರಿಯು ಮುಚ್ಚದಂತೆ ತಡೆಯುತ್ತದೆ. ತೂಕವನ್ನು ಇಳಿಸುವುದು, ರಾತ್ರಿ ಮದ್ಯವನ್ನು ಬಿಡುವುದು, ಅಂಗಾತ ಮಲಗದೆ ಮಗ್ಗುಲಾಗಿ ಮಲಗುವುದು ಇವೂ ಉಪಕಾರಿಗಳೇ. ಮಗ್ಗುಲಾಗಿ ಮಲಗುವಾಗ ಕಣ್ಣು ದಿಂಬಿಗೆ ಒತ್ತದಂತೆ ನೋಡಿಕೊಳ್ಳಬೇಕು. ಸಿಪ್ಯಾಪ್ ಬಳಸುವವರಲ್ಲಿ ರಾತ್ರಿ ಕಣ್ಣಿನ ಒತ್ತಡವು ತುಸು ಏರಬಹುದೆಂದು ೨೦೦೮ರಲ್ಲಿ ಒಂದು ಪರೀಕ್ಷೆಯಿಂದ ತಿಳಿದುಬಂದಿತು. ಅದಕ್ಕೆ ಹೆದರಿ ಯಂತ್ರವನ್ನು ಬಿಡತಕ್ಕದ್ದಲ್ಲ. ಯಂತ್ರವನ್ನು ಬಳಸುತ್ತಿರುವೆವೆಂದು ನೇತ್ರವೈದ್ಯರಿಗೆ ಹೇಳಿದರೆ ಅವರು ತಕ್ಕ ಎಚ್ಚರ ವಹಿಸುವರು. ಗ್ಲಾಕೋಮಾಕ್ಕೆ ಕಣ್ಣಿನ ಹನಿ, ಲೇಸರ್, ಶಸ್ತ್ರಚಿಕಿತ್ಸೆ ಎಂಬ ಮೂರು ಮಾರ್ಗಗಳಿವೆ. ಹನಿಯನ್ನು ಗೊತ್ತಾದ ಹೊತ್ತಿಗೆ ದಿನವೂ ಹಾಕಬೇಕು. ಕಣ್ಣು ಚೆನ್ನಾಗಿ ಕಾಣುತ್ತಿದೆಯೆಂದು ನಿಲ್ಲಿಸುವುದು ಮಹಾ ಅವಿವೇಕ. ಉಬ್ಬಸವಿರುವವರು ಮೊದಲೇ ಅದನ್ನು ತಿಳಿಸಬೇಕು; ಕೆಲವು ಹನಿಗಳು ಅವರಿಗೆ ಆಗವು. ರಕ್ತದ ಒತ್ತಡದ ಮಾತ್ರೆಯನ್ನು ರಾತ್ರಿ ಮಲಗುವಾಗ ತೆಗೆದುಕೊಳ್ಳುವವರು ಅದನ್ನೂ ಹೇಳಬೇಕು. ಆದರೆ ತಾವಾಗಿಯೇ ಹೊತ್ತನ್ನು ಬದಲಿಸಬಾರದು.

ಇದ್ದಕ್ಕಿದ್ದಂತೆ ಕಣ್ಣು ಕೆಂಪಾಗಿ, ತಡೆಯಲಾರದ ನೋವೂ ವಾಂತಿಯೂ ಉಂಟಾಗಿ, ದೀಪದ ಸುತ್ತ ಬಣ್ಣದ ಬಳೆಗಳು ಕಂಡರೆ ಅದು ಗ್ಲಾಕೋಮಾದ ಬೇರೊಂದು ಬಗೆ. ಆಗ ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಅದೇ ದಿನ, ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೋಗಬೇಕು.

ಎರಡು ರೋಗಗಳೂ ರೋಗಿಗೆ ತಿಳಿಯದಂತೆ ಬೆಳೆಯತಕ್ಕವು. ಒಂದನ್ನು ಮಗ್ಗುಲಲ್ಲಿ ಮಲಗಿದವರ ಕಿವಿಯು ಹಿಡಿಯಬಲ್ಲುದು. ಇನ್ನೊಂದನ್ನು ನೇತ್ರವೈದ್ಯರ ದೀಪವು ಹಿಡಿಯಬಲ್ಲುದು. ನಾಲ್ವತ್ತು ದಾಟಿದ ಪ್ರತಿಯೊಬ್ಬರೂ ಕನ್ನಡಕದ ಸಂಖ್ಯೆಯನ್ನು ನೋಡಿಸಿಕೊಳ್ಳಲು ಹೋದಾಗ ದೃಷ್ಟಿನರವನ್ನೂ ಒಮ್ಮೆ ನೋಡಿಸಿಕೊಂಡು ಬಂದರೆ, ಉಳಿಯಬೇಕಾದ ಎಷ್ಟೋ ಕಣ್ಣುಗಳು ಉಳಿದಾವು.